ಪದಚರ್ಚೆ: ಡಿಎನ್‌ಎ ‘ದುರಸ್ತಿ’ ಅಂದರೆ ಯಾರು ಮಾಡುವುದು?

ಬಳಗದ ಎಲ್ಲರಿಗೂ ನಮಸ್ಕಾರ.

ಮೂರು ಪದ ಕೇಳುವುದಿದೆ. ಎರಡಕ್ಕೆ ನನ್ನಲ್ಲೇ ಅರೆಬರೆ ಉತ್ತರ ಉಂಟು, ಮೂರನೆಯದರಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಪತ್ರ ಉದ್ದವಾಗುತ್ತದೆ. ಸಂದರ್ಭ ಹೇಳದೆ ಬರೇ ಪದ ಕೇಳಿದರೆ ನಿಘಂಟು ನೋಡಿ ಉತ್ತರ ಬರುತ್ತದೆ, ನಿಘಂಟು ನಾನೂ ನೋಡಿದ್ದೇನೆ.

ನಾನು ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದವಳು. ಮನೆ ಪೆರ್ಲದ ಕಡೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ಸಂಶೋಧನೆಯಲ್ಲಿದ್ದಾಳೆ. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಕೆಟ್ಟು ಡಯಾಲಿಸಿಸ್ ಮಾಡಿಸಿಕೊಳ್ಳುವವರ ಬಿಳಿ ರಕ್ತಕಣಗಳಲ್ಲಿ ಡಿಎನ್‌ಎಗೆ (ಜೀವಕೋಶದೊಳಗೆ ಮೈಯ ಸೂಚನೆಗಳನ್ನು ಅಕ್ಷರಗಳ ಹಾಗೆ ಬರೆದಿಟ್ಟ ಎರಡೆಳೆಯ ನೂಲಿಗೆ) ಎಷ್ಟು ಪೆಟ್ಟಾಗಿದೆ, ಆದ ಪೆಟ್ಟನ್ನು ಆ ಕಣ ಎಷ್ಟರ ಮಟ್ಟಿಗೆ ಸರಿಮಾಡಿಕೊಳ್ಳುತ್ತದೆ ಎಂದು ನೋಡುವುದು ಅವಳ ಕೆಲಸ. ರಕ್ತ ಕೊಡುವವರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಬೇಕು, ಆ ಪತ್ರ ಅವರಿಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು ಎಂದು ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) 2017ರ ಮಾರ್ಗಸೂಚಿ ಹೇಳುತ್ತದೆ. ಇಂಗ್ಲಿಷ್ ಮತ್ತು ಮಲಯಾಳದ ಪ್ರತಿ ತಯಾರಿತ್ತು. ಕನ್ನಡದ್ದನ್ನು ಯಾರೋ ಕಂಪ್ಯೂಟರಿಗೆ ಕೊಟ್ಟು ಹೊರಗೆ ತೆಗೆದಿದ್ದರು. “ಟೀಚರ್, ಒಮ್ಮೆ ಕಣ್ಣಾಡಿಸಿ” ಎಂದು ಅವಳು ಅದನ್ನು ನನಗೆ ಕಳಿಸಿದಳು.

ಅದರ ಎರಡನೆಯ ವಾಕ್ಯ ಹೀಗಿತ್ತು: ‘ಡಯಾಲಿಸಿಸ್ ಪಡೆಯುತ್ತಿರುವ ಮಧುಮೇಹಿ ರೋಗಿಗಳಲ್ಲಿ ವಂಶವಾಹಿ ಹಾನಿ ಮತ್ತು ದುರಸ್ತಿಯನ್ನು ಧೂಮಕೇತು ವಿಶ್ಲೇಷಣೆಯ ಮೂಲಕ ಅಧ್ಯಯನ ಮಾಡಲಾಗುವುದು.’

ಕಾಗುಣಿತ ತಪ್ಪಿಲ್ಲ, ವ್ಯಾಕರಣವೂ ತಪ್ಪಿಲ್ಲ. ಕಣ್ಣಾಡಿಸುವುದಷ್ಟೇ ಆಗಿದ್ದರೆ ಸರಿ ಎಂದು ವಾಪಸು ಕಳಿಸಬಹುದಿತ್ತು. ಆದರೆ ಓದಿ ನೋಡಲು ನಮ್ಮ ಕುಟುಂಬದಲ್ಲೇ ಒಬ್ಬರಿದ್ದಾರಲ್ಲ ಎಂದು ಭಾನುವಾರ ಮಾವನಲ್ಲಿಗೆ ಹೋದೆ. ತಾಯಿಯ ತಮ್ಮ, 71 ವರ್ಷ, ಅಡಿಕೆ ಕೃಷಿಕರು. ಸಕ್ಕರೆ ಕಾಯಿಲೆ ಹಿಡಿದು 22 ವರ್ಷವಾಯಿತು, ಡಯಾಲಿಸಿಸ್ ಶುರುವಾಗಿ 3 ವರ್ಷ. ವಾರಕ್ಕೆ 3 ದಿನ ನಸುಕಿಗೆ ಎದ್ದು ಸಾರಡ್ಕ ದಾಟಿ ವಿಟ್ಲದ ದಾರಿಯಾಗಿ ಮಂಗಳೂರಿಗೆ ಹೋಗಿ, 4 ಗಂಟೆ ಹೊತ್ತು ಮಲಗಿ, ಮಧ್ಯಾಹ್ನ ದಾಟಿದ ಮೇಲೆ ಸುಸ್ತಾಗಿ ಬರುತ್ತಾರೆ. ಅವರು ಈ ಅಧ್ಯಯನದಲ್ಲಿ ಇಲ್ಲ. ಆದರೆ ಇಂಥ ಕಾಗದಕ್ಕೆ ಸಹಿ ಹಾಕಿ ಹಾಕಿ ನುರಿತ ಕೈ.

ಎರಡು ಸಲ ಓದಿದರು. ಕನ್ನಡಕ ತೆಗೆದು ಮಡಚಿಟ್ಟರು. ಆಮೇಲೆ ಕೇಳಿದರು:

“ಇದರ ರಿಪೇರಿ ಆರು ಮಾಡುದು? ಡಾಕ್ಟ್ರಕ್ಕಳೋ, ಮಷಿನೋ? ಎಷ್ಟಕ್ಕು?”

ನಾನು ಉತ್ತರ ಹುಡುಕುತ್ತಿರುವಾಗಲೇ ಇನ್ನೊಂದು: “ವಂಶವಾಹಿ ಹೇಳಿರೆ, ಎನ್ನ ಪುಳ್ಳಿಗೂ ಬಕ್ಕೋ?”

ಕೊನೆಗೆ: “ಇದರೆಡಕ್ಕಿಲಿ ಧೂಮಕೇತು ಎಂತಕೆ ಬಂತು?”

ನಮ್ಮ ಹವ್ಯಕ ಮಾತು ತಿಳಿಯದವರಿಗೆ: ರಿಪೇರಿ ಮಾಡುವುದು ಯಾರು, ಡಾಕ್ಟರೋ ಮಿಷನ್ನೋ, ಎಷ್ಟು ದುಡ್ಡಾಗಬಹುದು, ನನ್ನ ಮೊಮ್ಮಗನಿಗೂ ಬರುತ್ತದೆಯೋ, ಇದರ ಮಧ್ಯೆ ಧೂಮಕೇತು ಯಾಕೆ ಬಂತು. ಮೂರು ಪದ, ಮೂರು ಪ್ರಶ್ನೆ. ವಾಕ್ಯ ಎಲ್ಲೆಲ್ಲಿ ಸೋರುತ್ತದೋ ಅಲ್ಲೇ ಕೈ ಇಟ್ಟರು.

ಸುಲಭದ್ದನ್ನು ಮೊದಲು ಮುಗಿಸುತ್ತೇನೆ. ಧೂಮಕೇತು ಬಂದದ್ದು ‘ಕಾಮೆಟ್’ ಎಂಬ ಪರೀಕ್ಷೆಯ ಹೆಸರಿನಿಂದ. ರಕ್ತದಿಂದ ಬಿಳಿ ಕಣಗಳನ್ನು ಬೇರ್ಪಡಿಸಿ ಅಗರೋಸ್ ಎಂಬ ಲೋಳೆಯಲ್ಲಿ ಬೆರೆಸಿ ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಹರಡುತ್ತಾರೆ. ಚೈನಾ ಗ್ರಾಸ್ ಹಾಕಿ ಮಾಡುವ ಸಿಹಿ ಗೊತ್ತಲ್ಲ, ಅದರ ಹತ್ತಿರದ ಸಂಬಂಧಿ ಈ ಅಗರೋಸ್. ಉಪ್ಪು, ಡಿಟರ್ಜೆಂಟ್ ಇರುವ ನೀರಿನಲ್ಲಿ ಅದನ್ನು ಮುಳುಗಿಸಿದರೆ ಕಣದ ಪೊರೆ ಕರಗಿ ಹೋಗಿ ಡಿಎನ್‌ಎಯ ಉಂಡೆ ಮಾತ್ರ ಲೋಳೆಯೊಳಗೆ ಉಳಿಯುತ್ತದೆ. ಬಳಿಕ ಕ್ಷಾರದಲ್ಲಿಟ್ಟು ವಿದ್ಯುತ್ ಹಾಯಿಸುತ್ತಾರೆ. ಡಿಎನ್‌ಎಗೆ ಋಣ ವಿದ್ಯುದಂಶ ಇರುವುದರಿಂದ ಅದು ಧನ ಧ್ರುವದ ಕಡೆಗೆ ಎಳೆಯಲ್ಪಡುತ್ತದೆ. ಇಡಿಯಾಗಿರುವ ಉಂಡೆ ಅಲುಗುವುದಿಲ್ಲ, ತುಂಡಾದ, ಬಿಚ್ಚಿದ ಭಾಗ ಹಿಂದೆ ಹಿಂದೆ ಹರಿದು ಹೋಗುತ್ತದೆ. ಹೊಳೆಯುವ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದು ಗುಂಡು ತಲೆ, ಅದರ ಹಿಂದೆ ಮಂಜಿನಂಥ ಬಾಲ. ಬಾಲ ಉದ್ದವಿದ್ದಷ್ಟೂ ಪೆಟ್ಟು ಜಾಸ್ತಿ. 1984ರಲ್ಲಿ ಓಸ್ಟ್ಲಿಂಗ್ ಮತ್ತು ಯೊಹಾನ್ಸನ್ ಇದರ ಮೊದಲ ರೂಪ ತೋರಿಸಿದರು, 1988ರಲ್ಲಿ ಎನ್.ಪಿ. ಸಿಂಗ್ ಮತ್ತು ಜೊತೆಯವರು ಕ್ಷಾರದ ವಿಧಾನ ತಂದ ಮೇಲೆ ಎಲ್ಲ ಕಡೆ ಹರಡಿತು.

ಕನ್ನಡದಲ್ಲಿ ಧೂಮಕೇತುವಿಗೆ ಅಪಶಕುನದ ವಾಸನೆ ಅಂಟಿಕೊಂಡಿದೆ. ಮೊದಲೇ ಕಿಡ್ನಿ ಕೆಟ್ಟವನ ಕೈಗೆ ಧೂಮಕೇತುವಿನ ಕಾಗದ ಕೊಡುವುದು ಬೇಡ. ‘ಬಾಲಚುಕ್ಕಿ ಪರೀಕ್ಷೆ’ ಎಂದು ಬದಲಾಯಿಸಿದ್ದೇನೆ. ಮಾವನಿಗೆ ಒಪ್ಪಿಗೆಯಾಯಿತು. 1986ರಲ್ಲಿ ಹ್ಯಾಲಿ ಬಂದಾಗ ಬೆಳಗಿನ ಜಾವ ಗುಡ್ಡೆ ಹತ್ತಿ ನೋಡಿದವರು ಅವರು, ಬಾಲ ಅಂದರೆ ಸಾಕು, ಮಂಜು ಮಂಜಾದ ಆ ಗೆರೆ ಅವರ ಕಣ್ಣಿಗೆ ಬಂದೇ ಬರುತ್ತದೆ. ಪದಕ್ಕೆ ಅದಕ್ಕಿಂತ ಹೆಚ್ಚಿನ ಕೆಲಸ ಏನಿದೆ? ‘ಬಾಲಚುಕ್ಕೆ’ ಸರಿಯೋ ‘ಬಾಲಚುಕ್ಕಿ’ ಸರಿಯೋ ಎಂಬ ಜಗಳಕ್ಕೆ ನಾನಿಲ್ಲ.

ಎರಡನೆಯದು ‘ವಂಶವಾಹಿ’. ಇದು ನಿಜಕ್ಕೂ ಜೀನ್ ಎಂಬುದಕ್ಕೆ ಹುಟ್ಟಿದ ಪದ. ಡಿಎನ್‌ಎಗೆ ಅದನ್ನು ತೊಡಿಸುವುದು ಪತ್ರಿಕೆಗಳಲ್ಲಿ ರೂಢಿಯಾಗಿಬಿಟ್ಟಿದೆ. ಪಾಠದಲ್ಲಿ ನಡೆಯುತ್ತದೆ, ಒಪ್ಪಿಗೆ ಪತ್ರದಲ್ಲಿ ನಡೆಯುವುದಿಲ್ಲ, ಅದರಲ್ಲೂ ನಮ್ಮ ಎಣ್ಮಕಜೆಯಂಥ ಪಂಚಾಯತಿನಲ್ಲಿ ನಡೆಯುವುದೇ ಇಲ್ಲ. ಸುಮಾರು ಎರಡು ದಶಕ ಕಾಲ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಸಿದರು, ಊರಿನಲ್ಲಿ ಊನದೊಂದಿಗೆ ಮಕ್ಕಳು ಹುಟ್ಟಿದ್ದು ಅದರಿಂದಲೇ ಎಂದು ಇಲ್ಲಿನವರು ಹೇಳುತ್ತಾರೆ. 2000ದ ಹೊತ್ತಿಗೆ ಅದು ನಿಂತಿತು. ಆದರೆ ‘ವಂಶ’, ‘ಹಾನಿ’ ಎಂಬ ಎರಡು ಪದ ಒಂದೇ ಸಾಲಿನಲ್ಲಿ ಬಂದರೆ ಇಲ್ಲಿಯ ಅಜ್ಜಿಯಂದಿರ ಕಣ್ಣ ಮುಂದೆ ಯಾವ ಮಕ್ಕಳು ಬಂದು ನಿಲ್ಲುತ್ತಾರೆ ಎಂದು ನಾನು ಬೇರೆ ಹೇಳಬೇಕಾಗಿಲ್ಲ. ಮಾವನ ಪ್ರಶ್ನೆ ಎದ್ದದ್ದು ಅಲ್ಲಿಂದಲೇ.

ರಕ್ತದ ಬಿಳಿಕಣದಲ್ಲಿರುವ ಡಿಎನ್‌ಎಗೆ ಏನೇ ಆದರೂ ಅದು ಆ ಕಣದ ಜೊತೆಗೆ ಮುಗಿಯುವ ಕಥೆ, ಮಕ್ಕಳಿಗೆ ಹೋಗುವುದು ಅಂಡ ಮತ್ತು ವೀರ್ಯಾಣುವಿನ ಮೂಲಕ ಮಾತ್ರ. ಸಕ್ಕರೆ ಕಾಯಿಲೆ ಬರುವ ಒಲವು ಕುಟುಂಬದಲ್ಲಿ ಇರಬಹುದು, ಅದು ಬೇರೆ ಮಾತು, ಈ ಪರೀಕ್ಷೆ ಅಳೆಯುವುದು ಅದನ್ನಲ್ಲ. ಹಾಗಾಗಿ ‘ವಂಶವಾಹಿ’ಯನ್ನು ತೆಗೆದುಹಾಕಿ ‘ಡಿಎನ್‌ಎ’ ಎಂದೇ ಬರೆದೆ. ಶುದ್ಧ ಕನ್ನಡದ ಅಭಿಮಾನಿಗಳು ಬಯ್ಯಲಿ. ಅರ್ಥವಾಗದ ಪದಕ್ಕಿಂತ ತಪ್ಪು ಅರ್ಥವಾಗುವ ಪದ ಹೆಚ್ಚು ಅಪಾಯ. ಡಿಎನ್‌ಎ ಗೊತ್ತಿಲ್ಲದವರು ಏನೆಂದು ಕೇಳುತ್ತಾರೆ. ವಂಶವಾಹಿ ಓದಿದವರು ಕೇಳುವುದಿಲ್ಲ, ಗೊತ್ತಾಯಿತು ಎಂದುಕೊಂಡು ಮನೆಗೆ ಹೋಗಿ ಮೊಮ್ಮಗನ ಮುಖ ನೋಡುತ್ತಾರೆ.

ಇದೇ ನೆಪದಲ್ಲಿ ‘ಮಧುಮೇಹ’ದ ಬಗ್ಗೆಯೂ ಒಂದು ಮಾತು. ಮಲಯಾಳದಲ್ಲಿ ಈ ರೋಗಕ್ಕೆ ‘ಪ್ರಮೇಹಂ’ ಎನ್ನುತ್ತಾರೆ. ಆಯುರ್ವೇದದ 20 ಪ್ರಮೇಹಗಳಲ್ಲಿ ಮಧುಮೇಹ ಒಂದು, ಹಾಗಾಗಿ ಅವರದ್ದು ಇಡೀ ಕುಲದ ಹೆಸರು, ನಮ್ಮದು ಒಂದರ ಹೆಸರು. ಇಲ್ಲಿ ಆಸ್ಪತ್ರೆಯ ಬೋರ್ಡುಗಳಲ್ಲಿ ಮಲಯಾಳ ‘ಪ್ರಮೇಹ’ ಕನ್ನಡ ಲಿಪಿಗೆ ಇಳಿದು ಬರುವುದುಂಟು. ಕನ್ನಡದಲ್ಲಿ ‘ಮೇಹರೋಗ’ ಎಂದರೆ ಹಳಬರಿಗೆ ಬೇರೆಯೇ ಗುಟ್ಟಿನ ಕಾಯಿಲೆ ನೆನಪಾಗುತ್ತದೆ, ಬೋರ್ಡಿನ ಕೆಳಗೆ ಕೂರಲು ಮುಜುಗರ. ಪತ್ರದಲ್ಲಿ ‘ಸಕ್ಕರೆ ಕಾಯಿಲೆ’ ಎಂದಿಟ್ಟೆ. ಡಯಾಲಿಸಿಸನ್ನು ಮುಟ್ಟಲಿಲ್ಲ. ‘ರಕ್ತಶುದ್ಧಿ’ ಎಂದರೆ ಮೈಮೇಲೆ ಕುರು ಎದ್ದಾಗ ಕುಡಿಸುವ ಕಷಾಯ.

ಇನ್ನು ನನ್ನನ್ನು ಕಟ್ಟಿಹಾಕಿದ ಪದಕ್ಕೆ ಬರುತ್ತೇನೆ.

ಮೊದಲು ‘ಹಾನಿ’. ಇದು ಪೂರ್ತಿ ತಪ್ಪಲ್ಲ, ಆದರೆ ಹಾನಿ ಎಂದರೆ ಆಗಿ ಮುಗಿದದ್ದು, ಬೆಳೆ ಹಾನಿ, ಪ್ರಾಣ ಹಾನಿಯ ಹಾಗೆ, ಪರಿಹಾರದ ಅರ್ಜಿ ಹಾಕುವುದು ಬಿಟ್ಟು ಬೇರೆ ದಾರಿ ಇಲ್ಲ. ಡಿಎನ್‌ಎಗೆ ಆಗುವುದು ಅಂಥದ್ದಲ್ಲ. ನಮ್ಮೆಲ್ಲರ ಪ್ರತಿ ಜೀವಕೋಶದಲ್ಲೂ ದಿನಕ್ಕೆ ಸಾವಿರಗಟ್ಟಲೆ ಪೆಟ್ಟು ಬೀಳುತ್ತಲೇ ಇರುತ್ತದೆ, ಬಹುಪಾಲು ಅಲ್ಲಲ್ಲೇ ಸರಿಯಾಗುತ್ತದೆ. ಉಸಿರಾಟದ ಆಮ್ಲಜನಕದಿಂದ ಹುಟ್ಟುವ ಚುರುಕು ಕಣಗಳು ಗ್ವಾನಿನ್ ಎಂಬ ಅಕ್ಷರಕ್ಕೆ ತಾಗಿ ಅದನ್ನು 8-ಆಕ್ಸೊಗ್ವಾನಿನ್ ಎಂಬ ಕೆಟ್ಟ ರೂಪಕ್ಕೆ ತಿರುಗಿಸುತ್ತವೆ, ಒಮ್ಮೊಮ್ಮೆ ಒಂದು ಎಳೆಯೇ ತುಂಡಾಗುತ್ತದೆ. ಇದು ‘ಮ್ಯುಟೇಶನ್’ ಅಲ್ಲ. ಮ್ಯುಟೇಶನ್ ಎಂದರೆ ಸರಿಯಾಗದ ಪೆಟ್ಟನ್ನೇ ನಕಲು ಮಾಡಿ ತಪ್ಪು ಅಕ್ಷರ ಕಾಯಂ ಆಗುವುದು, ಆಮೇಲೆ ಅದು ತಪ್ಪೆಂದು ಕೋಶಕ್ಕೂ ತಿಳಿಯುವುದಿಲ್ಲ. ಮಸಿ ಚೆಲ್ಲಿದ ಅಕ್ಷರ ಬೇರೆ, ತಪ್ಪಾಗಿ ಅಚ್ಚಾದ ಅಕ್ಷರ ಬೇರೆ. ಕಂಪ್ಯೂಟರಿನ ಅನುವಾದದಲ್ಲಿ ಇನ್ನೊಂದು ಕಡೆ ಇವೆರಡಕ್ಕೂ ‘ಹಾನಿ’ ಎಂದೇ ಇತ್ತು.

‘ಕೇಡು’ ಇಡೋಣ ಎಂದುಕೊಂಡೆ. ಮಲಯಾಳದ ಪ್ರತಿಯಲ್ಲಿ ‘ಕೇಡುಪಾಡ್’ ಎಂದಿದೆ, ಅವರಿಗೆ ಅದು ಬರೇ ಹಾಳಾದದ್ದು, ಮಿಕ್ಸಿಗೂ ಕೇಡುಪಾಡು ಬರುತ್ತದೆ. ನಮ್ಮಲ್ಲಿ ಕೇಡು ಎಂದ ಕೂಡಲೇ ಯಾರೋ ಬಯಸಿ ಮಾಡಿದ್ದಾಗುತ್ತದೆ. ‘ಕೇಡಾಯಿತು’ ಎಂದರೆ ಪ್ರಶ್ನೆ ಹಾಕಿಸಲು ಜ್ಯೋತಿಷಿಯಲ್ಲಿಗೆ ಹೊರಡುವವರಿದ್ದಾರೆ. ಬೇಡ.

‘ಪೆಟ್ಟು’ ಪರವಾಗಿಲ್ಲ ಅನಿಸಿತು. ಮಾವ ಹಲಸಿನ ಹಪ್ಪಳ ಮುರಿಯುತ್ತಾ ಕೇಳಿದರು, ಪೆಟ್ಟು ಕೊಡುವುದು ಯಾವುದು, ಸಕ್ಕರೆಯೋ ಮಿಷನ್ನೋ ಎಂದು. ನ್ಯಾಯವಾದ ಪ್ರಶ್ನೆ. ಸಕ್ಕರೆ ಹೆಚ್ಚಾಗಿ ಉಳಿದಾಗ ಕೋಶದೊಳಗೆ ಆ ಚುರುಕು ಕಣಗಳು ಹೆಚ್ಚು ಹುಟ್ಟುತ್ತವೆ, ಪ್ರೋಟೀನುಗಳಿಗೆ ಸಕ್ಕರೆ ಅಂಟಿ ಅವೂ ಕಾಟ ಕೊಡುತ್ತವೆ. ಕಿಡ್ನಿ ನಿಂತ ಮೇಲೆ ಹೊರಗೆ ಹೋಗಬೇಕಾದ ಕಶ್ಮಲ ರಕ್ತದಲ್ಲೇ ಉಳಿಯುತ್ತದೆ, ಡಯಾಲಿಸಿಸ್ ಶುರುವಾಗುವ ಮೊದಲೇ ಪೆಟ್ಟು ಜಾಸ್ತಿ ಕಾಣಿಸುವುದು ಅದಕ್ಕೇ. ಇನ್ನು ಮಿಷನ್. ರಕ್ತ ಅದರ ಪೊರೆಗೆ ತಾಗಿದಾಗ ಬಿಳಿಕಣಗಳು ಹೊರಗಿನದ್ದೇನೋ ಬಂತೆಂದು ಕೆರಳುತ್ತವೆ, ಕೆರಳಿದಾಗ ಅವೂ ಅದೇ ಚುರುಕು ಕಣಗಳನ್ನು ಉಗುಳುತ್ತವೆ. ಕಶ್ಮಲದ ಜೊತೆಗೆ ವಿಟಮಿನ್ ಸಿಯಂಥ ಕಾಯುವ ವಸ್ತುವೂ ನೀರಿನಲ್ಲಿ ಕರಗಿ ಹೋಗುತ್ತದೆ. ಹಾಗೆಂದು ಮಿಷನ್ ಬಿಡುವಂತಿಲ್ಲ, ಬಿಟ್ಟರೆ ಉಳಿಯುವುದಿಲ್ಲ. ನಾನು ಇದನ್ನೆಲ್ಲ ಹೇಳಿದಾಗ ಮಾವ ಎಡಗೈಯ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕಲು ರಕ್ತನಾಳಗಳನ್ನು ಜೋಡಿಸಿದ ಜಾಗ) ಸವರಿಕೊಂಡರು. ಅಲ್ಲಿ ರಕ್ತನಾಳ ಹೆಬ್ಬೆರಳು ದಪ್ಪ ಉಬ್ಬಿದೆ, ಮೇಲೆ ಬೆರಳಿಟ್ಟರೆ ಒಳಗೆ ಜೇನುಹುಳ ಇದ್ದ ಹಾಗೆ ಝುಂಯ್ ಅನ್ನುತ್ತದೆ. “ತೊಳೆವದೂ ಅದೇ, ಉಜ್ಜುವದೂ ಅದೇ” ಅಂದರು. ಪಾತ್ರೆ ತೊಳೆಯುವಾಗ ಸವೆಯುತ್ತದಲ್ಲ, ಹಾಗೆ. ವೈಜ್ಞಾನಿಕವಾಗಿ ನಾನು ಇದಕ್ಕಿಂತ ಚೆನ್ನಾಗಿ ಹೇಳಲಾರೆ.

ಹಾಗಾದರೆ ‘ಡಿಎನ್‌ಎಗೆ ಬಿದ್ದ ಪೆಟ್ಟು’ ಆಯಿತು. ಪೆಟ್ಟು ಬಿದ್ದ ಮೇಲೆ?

‘ದುರಸ್ತಿ’ ಪಾರಸಿಯಿಂದ ಬಂದದ್ದು, ‘ದುರಸ್ತ್’ ಎಂದರೆ ಸರಿಯಾಗಿರುವುದು. ಪದದ ಮೂಲದಲ್ಲಿ ತಪ್ಪಿಲ್ಲ, ರೂಢಿಯಲ್ಲಿ ತೊಡಕಿದೆ. ದುರಸ್ತಿ, ರಿಪೇರಿ ಎಂದ ಕೂಡಲೇ ಹೊರಗಿನಿಂದ ಒಬ್ಬ ಬರುತ್ತಾನೆ, ಕೈಯಲ್ಲಿ ಸ್ಪ್ಯಾನರ್ ಇರುತ್ತದೆ, ಬಿಲ್ಲು ಮಾಡುತ್ತಾನೆ. ಮಾವ ಬಿಲ್ಲನ್ನೇ ಕೇಳಿದರು. ನಗು ಬಂತು, ಆದರೆ ಇದು ನಗುವ ವಿಷಯವಲ್ಲ. ಈ ಅಧ್ಯಯನದಿಂದ ರಕ್ತ ಕೊಟ್ಟವರಿಗೆ ಚಿಕಿತ್ಸೆ ಏನೂ ಸಿಗುವುದಿಲ್ಲ, ಅಳತೆ ಮಾತ್ರ. ‘ದುರಸ್ತಿಯನ್ನು ಅಧ್ಯಯನ ಮಾಡಲಾಗುವುದು’ ಎಂದು ಓದಿದವರು ನನ್ನ ಹಾಳಾದ ರಕ್ತವನ್ನು ಇವರು ಸರಿ ಮಾಡಿಕೊಡುತ್ತಾರೆ ಎಂದುಕೊಂಡು ಸಹಿ ಹಾಕಿದರೆ ಅದು ಒಪ್ಪಿಗೆಯೇ ಅಲ್ಲ. ಒಂದು ಪದಕ್ಕಾಗಿ ಇಷ್ಟು ಉದ್ದ ಬರೆಯುತ್ತಿರುವುದಕ್ಕೆ ಕಾರಣ ಇದೇ.

ಈ ಕೆಲಸ ಮಾಡುವವರು ಕೋಶದ ಒಳಗೇ ಇದ್ದಾರೆ. 2015ರ ರಸಾಯನಶಾಸ್ತ್ರದ ನೊಬೆಲ್ ಬಂದದ್ದು ಈ ಒಳಗಿನ ಕೆಲಸಗಾರರನ್ನು ಪತ್ತೆ ಮಾಡಿದ ತೋಮಸ್ ಲಿಂಡಾಲ್, ಪೌಲ್ ಮಾಡ್ರಿಚ್, ಅಜೀಜ್ ಸಂಜಾರ್ ಅವರಿಗೆ. ಕುತೂಹಲದ ಸಂಗತಿ ಎಂದರೆ ಮೂವರೂ ತೋರಿಸಿದ ಕೆಲಸ ಒಂದೇ ಬಗೆಯದಲ್ಲ, ಕನ್ನಡದಲ್ಲಿ ಮೂರಕ್ಕೂ ಬೇರೆ ಬೇರೆ ಮಾತು ಇದೆ. ಮಾಡ್ರಿಚ್ ತೋರಿಸಿದ್ದು ನಕಲು ಮಾಡುವಾಗ ಜೋಡಿ ತಪ್ಪಿದ ಅಕ್ಷರವನ್ನು ಸರಿಮಾಡುವುದು, ಇದು ಕರಡು ‘ತಿದ್ದು’ವ ಕೆಲಸ. ಸಂಜಾರ್ ತೋರಿಸಿದ್ದರಲ್ಲಿ ಪೆಟ್ಟು ಬಿದ್ದ ಜಾಗದ ಎರಡೂ ಬದಿ ಕತ್ತರಿಸಿ ಒಂದು ತುಂಡನ್ನೇ ಎತ್ತಿ ಹೊಸದು ಕೂರಿಸುತ್ತದೆ, ನಾವು ಅಂಗಿಗೆ ‘ತೇಪೆ’ ಹಾಕುವುದು ಹೀಗೆಯೇ. ಲಿಂಡಾಲ್ ಅವರದ್ದು ಹಾಳಾದ ಒಂದೇ ಅಕ್ಷರವನ್ನು ಚಿವುಟಿ ತೆಗೆದು ಆ ಗುಳಿ ತುಂಬುವುದು. ಸಕ್ಕರೆ ಕಾಯಿಲೆಯವರ 8-ಆಕ್ಸೊಗ್ವಾನಿನ್ ಹೆಚ್ಚಾಗಿ ಹೋಗುವುದು ಈ ದಾರಿಯಲ್ಲಿ. ಇನ್ನು ಎರಡೂ ಎಳೆ ಒಟ್ಟಿಗೆ ತುಂಡಾದರೆ ತುದಿಗೆ ತುದಿ ‘ಬೆಸೆ’ಯುವುದು. ತಿದ್ದು, ತೇಪೆ ಹಾಕು, ತುಂಬು, ಬೆಸೆ. ನಾಲ್ಕಕ್ಕೂ ಅಚ್ಚ ಕನ್ನಡ ಸಿಗುತ್ತದೆ, ನಾಲ್ಕನ್ನೂ ಒಟ್ಟಿಗೆ ಹಿಡಿಯುವ ಒಂದು ಪದ ಮಾತ್ರ ಸಿಗುತ್ತಿಲ್ಲ.

ಅಕ್ಕಪಕ್ಕದವರು ಏನು ಮಾಡಿಕೊಂಡಿದ್ದಾರೆ ನೋಡಿದೆ. ತಮಿಳರು ‘ಪಳುದು ಪಾರ್ತ್ತಲ್’ ಎನ್ನುತ್ತಾರೆ, ಕೆಟ್ಟದ್ದನ್ನು ನೋಡಿಕೊಳ್ಳುವುದು ಎಂಬ ಅರ್ಥ ಬರುತ್ತದೆ, ನನಗೆ ಹೊಟ್ಟೆಕಿಚ್ಚಾಯಿತು. ತೆಲುಗಿನಲ್ಲಿ ‘ಮರಮ್ಮತು’. ಅದೇ ಅರಬ್ಬಿ ಪದ ಮಲಯಾಳದಲ್ಲಿ ‘ಮರಾಮತ್ತ್’ ಆಗಿ ರಸ್ತೆ ಮಾಡುವ ಇಲಾಖೆಯ ಬೋರ್ಡಿನಲ್ಲಿ ಕೂತಿದೆ. ‘ಡಿಎನ್‌ಎ ಮರಾಮತ್ತು’ ಎಂದರೆ ನಮ್ಮೂರ ರಸ್ತೆ ಕಂಡವರು ಬದುಕುವ ಆಸೆಯನ್ನೇ ಬಿಡುತ್ತಾರೆ. ‘ಜೀರ್ಣೋದ್ಧಾರ’ ಎಂದು ನಮ್ಮ ಭಾವನೊಬ್ಬ ತಮಾಷೆಗೆ ಸೂಚಿಸಿದ, ಅದಕ್ಕೆ ಬ್ರಹ್ಮಕಲಶವೂ ರಶೀದಿ ಪುಸ್ತಕವೂ ಬೇಕಾಗುತ್ತದೆ.

ಆ ಮೇಲೆ ನನಗೆ ಹೊಳೆದದ್ದು ‘ಮಾಯು’.

ಗಾಯ ಮಾಯುತ್ತದೆ. ಯಾರೂ ಮಾಯಿಸುವುದಿಲ್ಲ, ತಾನಾಗಿ ಮಾಯುತ್ತದೆ. ಔಷಧಿ ಹಚ್ಚಿದರೂ ಮಾಯುವುದು ಮೈಯ ಕೆಲಸ. ಕರ್ತೃ ಒಳಗೇ ಇದ್ದಾನೆ, ಸ್ಪ್ಯಾನರ್ ಇಲ್ಲ, ಬಿಲ್ಲಿಲ್ಲ. ಮೇಲಾಗಿ ಸಕ್ಕರೆ ಕಾಯಿಲೆಯವರಿಗೆ ‘ಗಾಯ ಬೇಗ ಮಾಯುವುದಿಲ್ಲ’ ಎಂಬುದನ್ನು ಹೊಸದಾಗಿ ಕಲಿಸಬೇಕಾಗಿಲ್ಲ, ಕಾಲಿನ ಹುಣ್ಣು ಕಲಿಸಿರುತ್ತದೆ. ‘ಡಿಎನ್‌ಎಗೆ ಗಾಯವಾಗುತ್ತದೆ, ಅದು ಮಾಯುವ ಶಕ್ತಿ ನಿಮ್ಮ ರಕ್ತದಲ್ಲಿ ಎಷ್ಟಿದೆ ಎಂದು ನೋಡುತ್ತೇವೆ’. ಬರೆದು ಓದಿದಾಗ ನನಗೇ ಖುಷಿಯಾಯಿತು. ಸಣ್ಣ ಅಳುಕು ಇತ್ತು: ಕಾಲಿನ ಗಾಯ ಮಾಯದಿರಲು ರಕ್ತ ಸಂಚಾರ, ನರಗಳ ದೌರ್ಬಲ್ಯ ಮುಖ್ಯ ಕಾರಣ, ಅದೂ ಇದೂ ಒಂದೇ ಅಲ್ಲ. ಹೋಲಿಕೆ ಹೋಲಿಕೆಯಷ್ಟೇ ಎಂದು ಒಂದು ಸಾಲು ಸೇರಿಸಿದರೆ ಆಯಿತು ಅಂದುಕೊಂಡೆ.

ಹಾಗೆಯೇ ಅದನ್ನು ನೆರೆಮನೆಯ ಹುಡುಗಿಗೆ ಓದಿ ಹೇಳಿದೆ. ಮನೆಮಾತು ಕನ್ನಡ, ಓದಿದ್ದು ಮಲಯಾಳ ಮಾಧ್ಯಮದಲ್ಲಿ, ಈಗ ನರ್ಸಿಂಗ್ ಕಲಿಯುತ್ತಿದ್ದಾಳೆ. ಅವಳು ಹುಬ್ಬು ಗಂಟಿಕ್ಕಿದಳು. “ಡಿಎನ್‌ಎ ಅಳಿಸಿ ಹೋಗುವುದಾ ಟೀಚರ್?”

ತಲೆ ಚಚ್ಚಿಕೊಳ್ಳುವ ಸರದಿ ನನ್ನದು. ಮಲಯಾಳದಲ್ಲಿ ‘ಮಾಯುಗ’ ಎಂದರೆ ಅಳಿಸಿಹೋಗುವುದು, ಮಸುಕಾಗುವುದು. ಬೋರ್ಡಿನ ಮೇಲೆ ಬರೆದದ್ದನ್ನು ಒರೆಸುವುದು ‘ಮಾಯ್ಕ್ಕುಗ’. ಬೇರು ಒಂದೇ ಇರಬೇಕು, ನಮ್ಮಲ್ಲಿ ಗಾಯ ಅಳಿಸಿಹೋಗುವುದು ಗುಣವಾಗುವುದಾಯಿತು, ಅವರಲ್ಲಿ ಅಳಿಸುವುದು ಅಳಿಸುವುದಾಗಿಯೇ ಉಳಿಯಿತು. ಅವರಿಗೆ ಗಾಯ ‘ಉಣಙ್ಙುತ್ತದೆ’, ಅಂದರೆ ಒಣಗುತ್ತದೆ, ನಮ್ಮ ಕಡೆಯ ಕನ್ನಡದಲ್ಲೂ ‘ಗಾಯ ಒಣಗಿತು’ ಎನ್ನುವ ರೂಢಿ ಅದರ ನೆರಳೇ ಇರಬಹುದು. ಧಾರವಾಡದವರಿಗೆ, ಮೈಸೂರಿನವರಿಗೆ ‘ಮಾಯು’ ಸರಿ. ಎರಡು ಭಾಷೆಯ ಕಿವಿ ಇರುವ ಇಲ್ಲಿನ ಕನ್ನಡಿಗರಿಗೆ ಇದು ಉಲ್ಟಾ ಹೊಡೆಯುತ್ತದೆ. ‘ಮಾಯುವ ಶಕ್ತಿ ಕಡಿಮೆ ಇದೆ’ ಎಂದರೆ ಒಳ್ಳೆಯದೇ ಆಯಿತು, ಡಿಎನ್‌ಎ ಗಟ್ಟಿಯಾಗಿದೆ ಎಂದುಕೊಂಡಾರು! ‘ಡಿಎನ್‌ಎ ಒಣಗುವುದು’ ಎಂದು ಬರೆಯಲಂತೂ ಬರುವುದಿಲ್ಲ.

ಸೋತು ಮತ್ತೆ ಮಾವನಲ್ಲಿಗೆ ಹೋದೆ. ಅವರಿಗೆ ಡಿಎನ್‌ಎ ಹೇಗಿರುತ್ತದೆ ಎಂದು ಬಾವಿಯ ಹಗ್ಗ ತೋರಿಸಿ ವಿವರಿಸಿದೆ. ಎರಡು ಎಳೆ, ಒಂದಕ್ಕೊಂದು ಸುತ್ತಿಕೊಂಡದ್ದು. ಕಪ್ಪಿಗೆ (ಬಾವಿಯ ರಾಟೆಗೆ) ಉಜ್ಜುವಲ್ಲಿ ನಾರು ಎದ್ದು ಒಂದು ಎಳೆ ಅರ್ಧ ಕಡಿದಿತ್ತು, ಅವರು ಅಲ್ಲಿಗೇ ಬೆರಳು ಒಯ್ದರು. “ಒಂದೆಳೆ ಹೋದರೆ ಕೊಡಪಾನ ಬಾವಿಗೆ ಬೀಳ್ತಿಲ್ಲೆ. ಎರಡೂ ಹೋದರೆ ಬಿದ್ದತ್ತು.” ಒಂದೆಳೆ ಕಡಿತ, ಎರಡೆಳೆ ಕಡಿತ ಎಂದು ಪಾಠಪುಸ್ತಕ ಒಂದು ಪುಟ ಹೇಳುವುದನ್ನು ಹೇಳಿ ಮುಗಿಸಿದರು. ಒಂದೆಳೆ ಉಳಿದಿದ್ದರೆ ಅದನ್ನು ನೋಡಿಕೊಂಡು ಇನ್ನೊಂದನ್ನು ಕಟ್ಟಬಹುದು, ಎರಡೂ ಹೋದರೆ ಕಷ್ಟ. ಜೀವಕೋಶದ ಕಥೆಯೂ ಇದೇ. ಈ ಎರಡು ಪದ, ‘ಒಂದೆಳೆ ಕಡಿತ’, ‘ಎರಡೆಳೆ ಕಡಿತ’, ಯಾರಿಗಾದರೂ ಬೇಕಿದ್ದರೆ ತೆಗೆದುಕೊಳ್ಳಿ, ನನಗೆ ಅನುಮಾನವಿಲ್ಲ.

ಸರಿ ಮಾಡುವುದಕ್ಕೆ ಏನೆನ್ನುತ್ತೀರಿ ಎಂದೆ. ತೊಡೆಯ ಮೇಲೆ ಅಂಗೈ ಉಜ್ಜಿ ತೋರಿಸಿದರು. “ಹೊಸವದು.” ಹೊಸೆಯುವುದು. ಕಡಿದ ಎಳೆಗೆ ಹೊಸ ನಾರು ಸೇರಿಸಿ ಹೊಸೆದುಕೊಳ್ಳುವುದು.

‘ಹೊಸೆದುಕೊಳ್ಳು’. ‘ಕೊಳ್ಳು’ ಸೇರಿದ ಕೂಡಲೇ ಹೊರಗಿನ ರಿಪೇರಿಯವನು ಬಾಗಿಲಲ್ಲೇ ನಿಲ್ಲುತ್ತಾನೆ, ಮಾಡುವವರೂ ಮಾಡಿಸಿಕೊಳ್ಳುವವರೂ ಒಬ್ಬರೇ ಆಗುತ್ತಾರೆ. ನನ್ನ ಈಗಿನ ಕರಡು ಹೀಗಿದೆ:

‘ಸಕ್ಕರೆ ಕಾಯಿಲೆ ಇದ್ದು ಡಯಾಲಿಸಿಸ್ ಮಾಡಿಸಿಕೊಳ್ಳುವವರ ಬಿಳಿ ರಕ್ತಕಣಗಳಲ್ಲಿ ಡಿಎನ್‌ಎ ಎಂಬ ಎರಡೆಳೆಯ ನೂಲು ಎಷ್ಟು ಕಡಿದಿದೆ, ಕಡಿದದ್ದನ್ನು ಆ ಕಣಗಳು ತಾವಾಗಿಯೇ ಎಷ್ಟು ಬೇಗ ಹೊಸೆದುಕೊಳ್ಳುತ್ತವೆ ಎಂದು ಬಾಲಚುಕ್ಕಿ ಪರೀಕ್ಷೆಯಿಂದ ನೋಡುತ್ತೇವೆ. ಇದು ಚಿಕಿತ್ಸೆಯಲ್ಲ. ಇದು ನಿಮ್ಮ ಮಕ್ಕಳು, ಮೊಮ್ಮಕ್ಕಳಿಗೆ ಹೋಗುವ ವಿಷಯವೂ ಅಲ್ಲ.’

ವಿದ್ಯಾರ್ಥಿನಿಗೆ ಹಿಡಿಸಿದೆ. ಅವಳು ಮಾಡುವುದೂ ಸರಿಸುಮಾರು ಅದನ್ನೇ: ಬಿಳಿಕಣಗಳಿಗೆ ಬೇಕೆಂದೇ ಹೈಡ್ರೊಜನ್ ಪೆರಾಕ್ಸೈಡ್ ಹಾಕಿ ಪೆಟ್ಟು ಕೊಟ್ಟು ಬಾಲ ಅಳೆಯುವುದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಳೆಯುವುದು, ಬಾಲ ಎಷ್ಟು ಗಿಡ್ಡವಾಗಿದೆಯೋ ಅಷ್ಟು ಹೊಸೆದುಕೊಂಡಿದೆ.

ಆದರೆ ಕ್ರಿಯಾಪದ ಸಿಕ್ಕಿತು, ನಾಮಪದ ಸಿಗಲಿಲ್ಲ. ಪತ್ರದ ತಲೆಬರಹಕ್ಕೆ ಒಂದು ನಾಮಪದ ಬೇಕಂತೆ, ಸಂಶೋಧನೆಗೆ ಅನುಮತಿ ಕೊಡುವ ಸಮಿತಿಯವರು ತಲೆಬರಹ ನೋಡಿಯೇ ಮುಂದೆ ಓದುವುದು. ‘ಹೊಸೆತ’ ಎಂದರೆ ಬರೇ ಹುರಿ ಮಾಡುವುದಾಯಿತು, ಕಡಿದದ್ದು ಸೇರಿದ ಸಂಗತಿ ಅದರಲ್ಲಿಲ್ಲ. ಚಿವುಟಿ ತುಂಬುವ ಕೆಲಸಕ್ಕೆ ಅದು ಒಗ್ಗುವುದೂ ಇಲ್ಲ. ‘ಸರಿಪಡಿಕೆ’ ಕಚೇರಿಯ ಸುತ್ತೋಲೆಯ ಹಾಗಿದೆ. ‘ನೇರ್ಪು’ (ನೇರ ಮಾಡುವುದು, ಸರಿಪಡಿಸುವುದು) ನನಗೆ ಇಷ್ಟ, ಆದರೆ ಮಾವನಿಗೆ ಗೊತ್ತಿಲ್ಲ.

ಹಾಗಾಗಿ ಗಡಿಯ ಬೇರೆ ಬೇರೆ ತುದಿಯಲ್ಲಿರುವವರನ್ನು ಕೇಳುತ್ತಿದ್ದೇನೆ. ಸೊಲ್ಲಾಪುರ, ಅಕ್ಕಲಕೋಟೆಯವರೇ, ನಿಮ್ಮ ಸುತ್ತಲಿನ ಮರಾಠಿಯಲ್ಲಿ ‘ದುರುಸ್ತೀ’ ಎಂದರೆ ಬರಹದ ತಿದ್ದುಪಡಿಯೂ ಆಗುತ್ತದಲ್ಲ, ನಿಮ್ಮ ಕನ್ನಡದ ಕಿವಿಗೆ ‘ದುರಸ್ತಿ’ಯಲ್ಲಿ ಸ್ಪ್ಯಾನರ್ ಕೇಳಿಸುತ್ತದೆಯೇ ಇಲ್ಲವೇ? ಹೊಸೂರು, ತಾಳವಾಡಿಯವರೇ, ತಮಿಳಿನ ‘ಪಳುದು ಪಾರ್’ ನಿಮ್ಮ ಮನೆಮಾತಿಗೆ ‘ನೋಡಿಕೊಳ್ಳು’ ಎಂದು ಇಳಿದು ಬಂದಿದೆಯೇ? ಮಡಕಶಿರಾ, ಆದೋನಿ ಕಡೆಯವರು ನೇಗಿಲು ಮುರಿದಾಗ, ಚಾಪೆಯೋ ಕಂಬಳಿಯೋ ಹರಿದಾಗ ಮನೆಯಲ್ಲೇ ಕೂತು ಸರಿಮಾಡಿಕೊಳ್ಳುವುದಕ್ಕೆ ಏನೆನ್ನುತ್ತೀರಿ? ಕಂಬಳಿ ನೇಯುವವರ ಮನೆಯಲ್ಲಿ ಖಂಡಿತ ಒಂದು ಪದ ಇದ್ದೇ ಇರುತ್ತದೆ ಎಂದು ನನ್ನ ಗುಮಾನಿ.

ನಿಘಂಟಿನ ಪದ ಬೇಡ, ಮನೆಯಲ್ಲಿ ಬಾಯಲ್ಲಿರುವ ಪದ ಬೇಕು. ಯಾರ ಬಾಯಲ್ಲಿ, ಯಾವ ವಸ್ತುವಿಗೆ ಕೇಳಿದಿರಿ ಎಂದೂ ಬರೆಯಿರಿ. ಬರುವ ಬುಧವಾರ ಪತ್ರ ಸಮಿತಿಗೆ ಹೋಗುತ್ತದೆ. ಮಂಗಳವಾರ ಮಾವನ ಡಯಾಲಿಸಿಸ್ ದಿನ, ಅಂದು ಸಂಜೆ ಅವರು ಏನೂ ಓದುವುದಿಲ್ಲ. ಹಾಗಾಗಿ ಸೋಮವಾರ ರಾತ್ರಿಯೊಳಗೆ ಸಿಕ್ಕಿದರೆ ಅವರಿಗೆ ಓದಿ ತೋರಿಸಿ ನೋಡಬಹುದು.